ಕಂಟ್ರೋಲರ್ ಬಟನ್, ನಾಬ್‌ಗಳಿಂದ ಮ್ಯೂಸಿಕ್ ಸಾಫ್ಟ್‌ವೇರ್ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡ ಗೆಳೆಯರು, ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವರು, ಮೊದಲ ಕಂಟ್ರೋಲರ್ ಡಬ್ಬಿಯನ್ನು ಈಗಷ್ಟೇ ಬಿಚ್ಚಿದ ಹುಡುಗರು ಕೇಳಿದ ಪ್ರಶ್ನೆಗಳಿವು. ಫೋನಿನಲ್ಲಿ, ವಾಯ್ಸ್ ನೋಟಿನಲ್ಲಿ ಬಂದದ್ದೇ ಜಾಸ್ತಿ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ತಲೆ ತಿನ್ನುವಂಥದ್ದು.

## ಶುರುವಿಗೆ

ಸರ್, ಇಷ್ಟೆಲ್ಲಾ ಬಟನ್ ಇದೆ, ಒಂದರಿಂದಲೂ ಸೌಂಡ್ ಬರ್ತಿಲ್ಲ. ಪೀಸ್ ಹಾಳಾಗಿದ್ಯಾ?

ಇಲ್ಲ, ಸರಿಯಾಗಿದೆ. ಕಂಟ್ರೋಲರ್‌ನಲ್ಲಿ ಶಬ್ದವೇ ಇರುವುದಿಲ್ಲ. ಅದು ಟಿವಿ ರಿಮೋಟ್ ಇದ್ದ ಹಾಗೆ. ಬಟನ್ ಒತ್ತಿದರೆ, ನಾಬ್ ತಿರುಗಿಸಿದರೆ ಒಂದಿಷ್ಟು ಸಂಖ್ಯೆ ಕಂಪ್ಯೂಟರಿಗೆ ಹೋಗುತ್ತದೆ, ಅಷ್ಟೇ. ಆ ಸಂಖ್ಯೆ ಬಂದಾಗ ಏನು ಮಾಡಬೇಕು ಅಂತ ತೀರ್ಮಾನಿಸುವುದು ಏಬಲ್‌ಟನ್ ಲೈವ್ (ಮುಂದೆ ಬರೀ 'ಲೈವ್' ಅಂದದ್ದು ಇದನ್ನೇ), ಎಫ್ಎಲ್ ಸ್ಟುಡಿಯೋ, ರೀಪರ್, ಲಾಜಿಕ್‌ನಂಥ ಸಾಫ್ಟ್‌ವೇರ್. ನಿಮ್ಮ ನಾಬ್‌ಗೆ ತಾನು ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಕೇಳುವಂಥ ಮೊಳಗು) ತಿರುಗಿಸುತ್ತಿದ್ದೇನೋ, ತಂಬೂರಿಯ ವಾಲ್ಯೂಮ್ ತಿರುಗಿಸುತ್ತಿದ್ದೇನೋ ಗೊತ್ತೇ ಇರುವುದಿಲ್ಲ. ಈ ಒಂದು ವಿಷಯ ತಲೆಯಲ್ಲಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ಮಿಡಿ, ಸಿಸಿ ಅಂತಾರಲ್ಲ, ಎಷ್ಟು ತಿಳ್ಕೊಂಡಿದ್ರೆ ಸಾಕು?

ಮಿಡಿ ಅಂದರೆ ಸಂಗೀತದ ಉಪಕರಣ, ಕಂಪ್ಯೂಟರ್ ಪರಸ್ಪರ ಮಾತಾಡುವ ಭಾಷೆ. ಅದರಲ್ಲಿ ಮೂರು ಸಂಖ್ಯೆ ಗೊತ್ತಿದ್ದರೆ ಸಾಕು. ಮೊದಲನೆಯದು ಚಾನೆಲ್, 1ರಿಂದ 16. ಎರಡನೆಯದು ಸಿಸಿ ನಂಬರ್, ಅಂದರೆ ಕಂಟ್ರೋಲ್ ಚೇಂಜ್ ನಂಬರ್, 0ಯಿಂದ 127. ಮೂರನೆಯದು ಬೆಲೆ, ಅದೂ 0ಯಿಂದ 127. 'ಚಾನೆಲ್ 1, ಸಿಸಿ 74, ಬೆಲೆ 90' ಅಂತ ನಾಬ್ ಹೇಳುತ್ತದೆ. ಸಾಫ್ಟ್‌ವೇರ್ ಕೇಳಿಸಿಕೊಳ್ಳುತ್ತದೆ.

ಈ ಭಾಷೆ 1983ರದ್ದು. ಆ ವರ್ಷ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ಉಪಕರಣಗಳ ಮೇಳದಲ್ಲಿ ಪ್ರಾಫೆಟ್ 600 ಮತ್ತು ಜುಪಿಟರ್ 6 ಎಂಬ, ಬೇರೆ ಬೇರೆ ಕಂಪನಿಗಳ ಎರಡು ಸಿಂಥಸೈಜರ್‌ಗಳನ್ನು ಒಂದೇ ಕೇಬಲ್‌ನಲ್ಲಿ ಜೋಡಿಸಿ ತೋರಿಸಿದರು. ಆಗ ಗೊತ್ತುಮಾಡಿದ ಮೂರು ಬೈಟಿನ ಸಂದೇಶವೇ ಇವತ್ತು ನಿಮ್ಮ ಯುಎಸ್‌ಬಿ ಕೇಬಲ್‌ನಲ್ಲೂ ಓಡುತ್ತಿದೆ.

ಕೆಲವು ನಂಬರುಗಳಿಗೆ ರೂಢಿಯ ಕೆಲಸವಿದೆ. 1 ಮಾಡ್ಯುಲೇಶನ್ ಚಕ್ರ, 7 ವಾಲ್ಯೂಮ್, 10 ಪ್ಯಾನ್ (ಎಡ ಬಲ ಸರಿಸುವುದು), 11 ಎಕ್ಸ್‌ಪ್ರೆಶನ್, 64 ಸಸ್ಟೇನ್ ಪೆಡಲ್. ನಿಮ್ಮ ಸ್ವಂತ ಮ್ಯಾಪಿಂಗ್‌ಗೆ (ಯಾವ ನಾಬ್ ಯಾವ ಕೆಲಸಕ್ಕೆ ಅಂತ ಕಟ್ಟುವುದಕ್ಕೆ) 20ರಿಂದ 31, ಇಲ್ಲವೇ 102ರಿಂದ 119 ಇಟ್ಟುಕೊಳ್ಳಿ. ಅವು ಯಾರಿಗೂ ಮೀಸಲಿಲ್ಲದ ಖಾಲಿ ಸೈಟುಗಳು. 120 ಮತ್ತು ಅದರ ಮೇಲಿನವನ್ನು ಮಾತ್ರ ಮುಟ್ಟಬೇಡಿ. 123 ಅಂದರೆ 'ಎಲ್ಲ ಸ್ವರ ನಿಲ್ಲಿಸು' ಅಂತ ಅರ್ಥ. ಹಾಡಿನ ನಡುವೆ ಅದು ಹೋದರೆ ಫಜೀತಿ.

ಯಾವುದು ತಗೊಳ್ಳಲಿ? ನಾಬ್ ಜಾಸ್ತಿ ಇರೋದಾ, ಬಟನ್ ಜಾಸ್ತಿ ಇರೋದಾ?

ಕೂತು ಸೌಂಡ್ ಕಟ್ಟುವವರಿಗೆ ನಾಬ್. ವೇದಿಕೆ ಮೇಲೆ ನುಡಿಸುವವರಿಗೆ ಬಟನ್, ಫೇಡರ್ (ಮೇಲೆ ಕೆಳಗೆ ಜಾರಿಸುವ ಗುಂಡಿ). ಅಕಾಯ್ ಎಂಪಿಕೆ ಮಿನಿಯಲ್ಲಿ 8 ನಾಬ್, 8 ಪ್ಯಾಡ್ (ಬೆರಳಿನಿಂದ ಬಡಿಯುವ ಚೌಕ) ಇವೆ. ಕಾರ್ಗ್ ನ್ಯಾನೋಕಂಟ್ರೋಲ್ 2ರಲ್ಲಿ 8 ಫೇಡರ್, 8 ನಾಬ್, ಪ್ರತಿ ಸಾಲಿಗೂ ಸೋಲೋ, ಮ್ಯೂಟ್, ರೆಕಾರ್ಡ್ ಬಟನ್ ಇವೆ. ನನ್ನ ಪ್ರಕಾರ ಎಂಟರ ಗುಂಪು ಧಾರಾಳ ಸಾಕು. ಕೊಳ್ಳುವ ಮುಂಚೆ ಒಂದೇ ಒಂದು ಕೇಳಿ: ಬಟನ್ ಏನು ಕಳಿಸಬೇಕು ಅಂತ ಬದಲಿಸಲು ಕಂಪನಿಯ ಎಡಿಟರ್ ಸಾಫ್ಟ್‌ವೇರ್ ಇದೆಯಾ? ಇಲ್ಲ ಅಂದರೆ ಆ ಪೀಸ್ ಬೇಡ.

ದುಡ್ಡಿಲ್ಲ ಗುರು, ಕಂಪ್ಯೂಟರ್ ಕೀಬೋರ್ಡಲ್ಲೇ ಮಾಡ್ಬಹುದಾ?

ಬಟನ್ ಕೆಲಸ ಆಗುತ್ತದೆ, ನಾಬ್ ಕೆಲಸ ಆಗುವುದಿಲ್ಲ. ಲೈವ್‌ನಲ್ಲಿ ಕಂಟ್ರೋಲ್ ಜೊತೆ ಕೆ ಒತ್ತಿ (ಮ್ಯಾಕ್‌ನಲ್ಲಿ ಕಮಾಂಡ್ ಜೊತೆ). ಕೀಲಿಗೆ ಕಟ್ಟಬಹುದಾದ ಜಾಗಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಮ್ಯೂಟ್ ಬಟನ್ ಮೇಲೆ ಕ್ಲಿಕ್ ಮಾಡಿ ಒಂದು ಅಕ್ಷರ ಒತ್ತಿದರೆ ಮುಗಿಯಿತು. ರೀಪರ್‌ನಲ್ಲಿ ಆಕ್ಷನ್ ಲಿಸ್ಟ್‌ನಿಂದ ಯಾವ ಕೆಲಸಕ್ಕೆ ಬೇಕಾದರೂ ಕೀಲಿ ಕೊಡಬಹುದು.

## ಜೋಡಿಸುವುದು

ಮ್ಯಾಪ್ ಮಾಡೋದು ಹೇಗೆ? ಪ್ರತಿ ಸಾಫ್ಟ್‌ವೇರಲ್ಲೂ ಬೇರೆ ಬೇರೆನಾ?

ಹೆಸರು ಬೇರೆ, ಉಪಾಯ ಒಂದೇ. ಪರದೆ ಮೇಲಿನ ವಸ್ತುವನ್ನು ತೋರಿಸು, ಕೈಯಲ್ಲಿರುವ ವಸ್ತುವನ್ನು ಅಲ್ಲಾಡಿಸು.

ಲೈವ್‌ನಲ್ಲಿ ಕಂಟ್ರೋಲ್ ಜೊತೆ ಎಂ ಒತ್ತಿ. ಪರದೆ ನೀಲಿಯಾಗುತ್ತದೆ. ಬೇಕಾದದ್ದರ ಮೇಲೆ ಕ್ಲಿಕ್ ಮಾಡಿ, ನಾಬ್ ತಿರುಗಿಸಿ, ಮತ್ತೆ ಅದೇ ಕೀಲಿ ಒತ್ತಿ ಹೊರಗೆ ಬನ್ನಿ. ಎಫ್ಎಲ್ ಸ್ಟುಡಿಯೋದಲ್ಲಿ ನಾಬ್ ಮೇಲೆ ಬಲ ಕ್ಲಿಕ್, 'ಲಿಂಕ್ ಟು ಕಂಟ್ರೋಲರ್', ಆಮೇಲೆ ಕಂಟ್ರೋಲರ್ ಅಲ್ಲಾಡಿಸಿ. ಪ್ಲಗಿನ್ (ಸಾಫ್ಟ್‌ವೇರ್ ಒಳಗೆ ಸೇರಿಸುವ ವಾದ್ಯ ಅಥವಾ ಎಫೆಕ್ಟ್) ಒಳಗಿನ ನಾಬ್‌ಗೆ ಬಲ ಕ್ಲಿಕ್ ಕೆಲಸ ಮಾಡದಿದ್ದರೆ, ಆ ನಾಬ್ ಅನ್ನು ಒಮ್ಮೆ ಮೌಸ್‌ನಿಂದ ಅಲ್ಲಾಡಿಸಿ, ಟೂಲ್ಸ್ ಮೆನುವಿನ 'ಲಾಸ್ಟ್ ಟ್ವೀಕ್ಡ್'ಗೆ ಹೋಗಿ. ರೀಪರ್‌ನಲ್ಲೂ ಹಾಗೇ: ಪ್ಲಗಿನ್ ನಾಬ್ ಮುಟ್ಟಿ, ಕಿಟಕಿಯ ಮೇಲಿನ 'ಪ್ಯಾರಮ್' ಬಟನ್, ಅದರಲ್ಲಿ 'ಲರ್ನ್'. ಲಾಜಿಕ್‌ನಲ್ಲಿ ಮುಟ್ಟಿ, ಕಮಾಂಡ್ ಜೊತೆ ಎಲ್ ಒತ್ತಿ, ಅಲ್ಲಾಡಿಸಿ. ಕೆಲಸ ಮುಗಿದ ಮೇಲೆ ಕಮಾಂಡ್ ಎಲ್ ಮತ್ತೊಮ್ಮೆ ಒತ್ತುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮುಂದೆ ಮುಟ್ಟಿದ್ದೆಲ್ಲಾ ಮ್ಯಾಪ್ ಆಗುತ್ತಾ ಹೋಗುತ್ತದೆ.

ಕೀ ನುಡಿಸಿದ್ರೆ ಸೌಂಡ್ ಬರುತ್ತೆ, ಆದ್ರೆ ನಾಬು ಬಟನ್ನು ಏನೂ ಮಾಡಲ್ಲ. ಯಾಕೆ?

ಸ್ವರ ಒಳಗೆ ಬರಲು ಒಂದು ಬಾಗಿಲು, ಕಂಟ್ರೋಲ್ ಬರಲು ಇನ್ನೊಂದು ಬಾಗಿಲು. ಲೈವ್‌ನ ಮಿಡಿ ಸೆಟ್ಟಿಂಗ್‌ನಲ್ಲಿ ನಿಮ್ಮ ಕಂಟ್ರೋಲರ್ ಎದುರು ಟ್ರ್ಯಾಕ್, ಸಿಂಕ್, ರಿಮೋಟ್ ಅಂತ ಆಯ್ಕೆಗಳಿವೆ. ಟ್ರ್ಯಾಕ್ ಆನ್ ಇದ್ದು ರಿಮೋಟ್ ಆಫ್ ಇದ್ದರೆ ನೀವು ಹೇಳಿದ್ದೇ ಆಗುತ್ತದೆ. ರೀಪರ್‌ನಲ್ಲೂ 'ಕಂಟ್ರೋಲ್ ಸಂದೇಶಕ್ಕೆ ಇನ್‌ಪುಟ್' ಅಂತ ಬೇರೆಯದೇ ಟಿಕ್ ಇದೆ.

ಅದೂ ಸರಿ ಇದ್ದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ. ವಿಂಡೋಸ್‌ನಲ್ಲಿ ಮಿಡಿ ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಎಂಬ ಸಣ್ಣ ಸಾಫ್ಟ್‌ವೇರ್ ಇವೆ. ತೆರೆದಿಟ್ಟು ಬಟನ್ ಒತ್ತಿ. ಸಾಲು ಬಂತೋ, ಕಂಟ್ರೋಲರ್ ತಪ್ಪಲ್ಲ. ಬರಲಿಲ್ಲವೋ, ಕೇಬಲ್ ನೋಡಿ. ಬರೀ ಚಾರ್ಜ್ ಮಾಡುವ ಮೊಬೈಲ್ ಕೇಬಲ್ ಹಾಕಿಕೊಂಡು ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ. ದೀಪ ಉರಿಯುತ್ತಿತ್ತು, ಡೇಟಾ ಹೋಗುತ್ತಿರಲಿಲ್ಲ.

ವಿಂಡೋಸ್‌ನವರಿಗೆ ಇನ್ನೊಂದು ಮಾತು. ಬಹಳಷ್ಟು ಹಳೆಯ ಡ್ರೈವರ್‌ಗಳಲ್ಲಿ ಒಂದು ಸಲಕ್ಕೆ ಒಂದೇ ಸಾಫ್ಟ್‌ವೇರ್ ಕಂಟ್ರೋಲರ್ ಅನ್ನು ಹಿಡಿದುಕೊಳ್ಳಬಹುದು. ಪರೀಕ್ಷೆ ಆದ ಮೇಲೆ ಮಿಡಿ ಆಕ್ಸ್ ಮುಚ್ಚಿ, ಆಮೇಲೆ ನಿಮ್ಮ ಸಾಫ್ಟ್‌ವೇರ್ ತೆರೆಯಿರಿ.

ಎಲ್ಲಾ ಮ್ಯಾಪ್ ಮಾಡಿಟ್ಕೊಂಡೆ, ಈಗ ಯಾವುದು ಏನು ಅಂತ ನೆನಪೇ ಇಲ್ಲ. ಏನ್ ಮಾಡ್ಲಿ?

ಅಳಿಸಿ. ನಿಜವಾಗಿ ಹೇಳುತ್ತಿದ್ದೇನೆ, ಪೂರ್ತಿ ಅಳಿಸಿ, ನಾಲ್ಕೇ ನಾಲ್ಕು ಮ್ಯಾಪಿಂಗ್‌ನಿಂದ ಮತ್ತೆ ಶುರು ಮಾಡಿ. ಕೈಗೆ ರೂಢಿಯಾಗುವುದು ಜಾಗ, ಹೆಸರಲ್ಲ. ನನ್ನದು ವರ್ಷಗಳಿಂದ ಹೀಗೇ ಇದೆ: ಎಡ ತುದಿ ನಾಬ್ ಯಾವಾಗಲೂ ಫಿಲ್ಟರ್‌ನ ಕಟಾಫ್ (ಯಾವ ಫ್ರೀಕ್ವೆನ್ಸಿಯಿಂದ ಕತ್ತರಿಸಬೇಕು ಅನ್ನುವ ಗೆರೆ), ಬಲ ತುದಿ ನಾಬ್ ಯಾವಾಗಲೂ ರಿವರ್ಬ್, ನಡುವೆ ಆಯಾ ಹಾಡಿಗೆ ಬೇಕಾದದ್ದು. ಮೌಸ್‌ನಲ್ಲಿ ಆರಾಮಾಗಿ ಆಗುವ ಕೆಲಸಕ್ಕೆ ನಾಬ್ ಕೊಡಬೇಡಿ. ಕಂಪ್ರೆಸರ್‌ನ ರೇಶಿಯೋವನ್ನು ಹಾಡು ನಡೆಯುವಾಗ ಯಾರು ತಿರುಗಿಸುತ್ತಾರೆ ಹೇಳಿ?

## ಬಟನ್ ತಕರಾರು

ಮ್ಯೂಟ್ ಬಟನ್ ಎರಡು ಸಲ ಒತ್ತಿದ್ರೆ ಮಾತ್ರ ಕೆಲಸ ಮಾಡುತ್ತೆ. ಒಂದೇ ಸಲಕ್ಕೆ ಆಗೋ ಹಾಗೆ ಮಾಡಿ ಕೊಡಿ.

ಬಟನ್‌ನಲ್ಲಿ ಎರಡು ಜಾತಿ. ಮೊಮೆಂಟರಿ ಅಂದರೆ ಕಾಲಿಂಗ್ ಬೆಲ್ ಥರ: ಒತ್ತಿದಾಗ 127, ಬಿಟ್ಟಾಗ 0. ಟಾಗಲ್ ಅಂದರೆ ಫ್ಯಾನ್ ಸ್ವಿಚ್ ಥರ: ಒಮ್ಮೆ ಒತ್ತಿದರೆ 127, ಮತ್ತೊಮ್ಮೆ ಒತ್ತಿದರೆ 0.

ಈಗ ನಿಮ್ಮ ತೊಂದರೆ. ಕಂಟ್ರೋಲರ್ ಟಾಗಲ್‌ನಲ್ಲಿದೆ. ಸಾಫ್ಟ್‌ವೇರ್ ಕೂಡ '127 ಬಂದಾಗಲೆಲ್ಲ ಸ್ಥಿತಿ ಬದಲಿಸು' ಅಂತ ಕೂತಿದೆ. ಮೊದಲ ಒತ್ತಿಗೆ 127 ಹೋಯಿತು, ಮ್ಯೂಟ್ ಆಯಿತು. ಎರಡನೇ ಒತ್ತಿಗೆ 0 ಹೋಯಿತು, ಸಾಫ್ಟ್‌ವೇರ್ ಕ್ಯಾರೇ ಅನ್ನಲಿಲ್ಲ. ಮೂರನೇ ಒತ್ತಿಗೆ ಮತ್ತೆ 127, ಆಗ ಮ್ಯೂಟ್ ತೆಗೆಯಿತು. ಇಬ್ಬರೂ ಲೆಕ್ಕ ಇಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಲೆಕ್ಕವನ್ನು ಸಾಫ್ಟ್‌ವೇರಿಗೇ ಬಿಡಿ, ಎಡಿಟರ್‌ನಲ್ಲಿ ಬಟನ್ ಅನ್ನು ಮೊಮೆಂಟರಿ ಮಾಡಿ.

ನಂದು ಉಲ್ಟಾ. ಬೆರಳು ತೆಗೆದ ತಕ್ಷಣ ಎಫೆಕ್ಟ್ ಆಫ್ ಆಗುತ್ತೆ.

ಇಲ್ಲಿ ಬಟನ್ ಮೊಮೆಂಟರಿ, ಸಾಫ್ಟ್‌ವೇರ್ ಬೆಲೆಯನ್ನು ಇದ್ದ ಹಾಗೇ ಓದುತ್ತಿದೆ: 127 ಬಂದರೆ ಆನ್, 0 ಬಂದರೆ ಆಫ್. ಸಸ್ಟೇನ್ ಪೆಡಲ್ ನಡೆಯುವುದೂ ಹೀಗೇ: 64 ಅಥವಾ ಮೇಲೆ ಇದ್ದರೆ ಹಿಡಿ, 63 ಅಥವಾ ಕೆಳಗಿದ್ದರೆ ಬಿಡು. ಬಟನ್ ಅನ್ನು ಟಾಗಲ್ ಮಾಡಿ, ಇಲ್ಲವೇ ಸಾಫ್ಟ್‌ವೇರ್ ಬದಿಯಲ್ಲಿ ಟಾಗಲ್ ಆರಿಸಿ. ಆದರೆ ಬದಲಿಸುವ ಮುಂಚೆ ಯೋಚಿಸಿ. ಸಾಲಿನ ಕೊನೆಯ ಪದಕ್ಕೆ ಮಾತ್ರ ಡಿಲೇ (ಮತ್ತೆ ಮತ್ತೆ ಮರಳುವ ಪ್ರತಿಧ್ವನಿ) ಎರಚಬೇಕು ಅನ್ನುವಾಗ ಬೆರಳು ತೆಗೆದರೆ ಆಫ್ ಆಗುವ ಬಟನ್‌ಗಿಂತ ಒಳ್ಳೆಯದು ಇಲ್ಲ.

ಎರಡು ಬಟನ್ ಇಟ್ಕೊಂಡು ಒಂದರಲ್ಲಿ ಸ್ವಲ್ಪ ಸ್ವಲ್ಪ ಜಾಸ್ತಿ, ಇನ್ನೊಂದರಲ್ಲಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡೋಕಾಗಲ್ವಾ? ಮ್ಯಾಪ್ ಮಾಡಿದ್ರೆ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಹಾರುತ್ತೆ.

ಆಗುತ್ತದೆ. ಹಾರ್ಮೋನಿಯಂ ನುಡಿಸುವ ಗೆಳೆಯರೊಬ್ಬರಿಗೆ ಇದೇ ಬೇಕಿತ್ತು. ಎರಡೂ ಕೈ ಬಿಡುವಿಲ್ಲ, ಲ್ಯಾಪ್‌ಟಾಪ್‌ನ ತಂಬೂರಿ ಮಾತ್ರ ಆಗಾಗ ಏರಿಸಿ ಇಳಿಸಬೇಕು. ಕಾಲಿನಲ್ಲಿ ಒತ್ತುವ ಎರಡು ಬಟನ್ ಕೊಟ್ಟೆವು.

ಉಪಾಯ ರಿಲೇಟಿವ್ ಮೋಡ್‌ನಲ್ಲಿದೆ. ಸಾಮಾನ್ಯ ನಾಬ್ 'ನಾನು 90ರಲ್ಲಿದ್ದೇನೆ' ಅನ್ನುತ್ತದೆ. ಕೊನೆಯಿಲ್ಲದೆ ಸುತ್ತುವ ಎನ್‌ಕೋಡರ್ 'ಒಂದು ಹೆಜ್ಜೆ ಮೇಲೆ', 'ಒಂದು ಹೆಜ್ಜೆ ಕೆಳಗೆ' ಅಂತ ಮಾತ್ರ ಹೇಳುತ್ತದೆ. ಆ ಮಾತನ್ನು ಬಟನ್ ಬಾಯಲ್ಲಿ ಹೇಳಿಸಿದರೆ ಆಯಿತು.

ಎಡಿಟರ್‌ನಲ್ಲಿ ಎರಡೂ ಬಟನ್‌ಗೆ ಒಂದೇ ಸಿಸಿ ಕೊಡಿ, 20 ಅಂತಿಟ್ಟುಕೊಳ್ಳಿ. ಎರಡೂ ಮೊಮೆಂಟರಿ ಇರಲಿ. ಏರಿಸುವ ಬಟನ್: ಒತ್ತಿದಾಗ 1, ಬಿಟ್ಟಾಗ 0. ಇಳಿಸುವ ಬಟನ್: ಒತ್ತಿದಾಗ 127, ಬಿಟ್ಟಾಗ 0. ಈಗ ಲೈವ್‌ನಲ್ಲಿ ಮ್ಯಾಪ್ ಮಾಡಿ, ಪರದೆಯ ಕೆಳಗಿನ ಪಟ್ಟಿಯಲ್ಲಿ ರಿಲೇಟಿವ್, ಟೂಸ್ ಕಾಂಪ್ಲಿಮೆಂಟ್ ಅಂತ ಆರಿಸಿ. ರೀಪರ್‌ನಲ್ಲಾದರೆ ಇದರ ಹೆಸರು ರಿಲೇಟಿವ್ 1. ಈ ಮೋಡ್‌ನಲ್ಲಿ 1 ಅಂದರೆ ಒಂದು ಹೆಜ್ಜೆ ಮೇಲೆ, 127 ಅಂದರೆ ಒಂದು ಹೆಜ್ಜೆ ಕೆಳಗೆ, 0 ಅಂದರೆ ಏನೂ ಇಲ್ಲ. ಹಾಗಾಗಿ ಕಾಲು ತೆಗೆದಾಗ ಹೋಗುವ 0ಯಿಂದ ತೊಂದರೆ ಇಲ್ಲ. ಹೆಜ್ಜೆ ತೀರಾ ಸಣ್ಣದು ಅನ್ನಿಸಿದರೆ 1ರ ಬದಲು 5 ಹಾಕಿ, 127ರ ಬದಲು 123 ಹಾಕಿ. ಲೆಕ್ಕ ಸುಲಭ, 128ರಿಂದ ಕಳೆಯುವುದು.

ಮೋಡ್ ತಪ್ಪಿದರೆ ಚೋದ್ಯ ನೋಡಬೇಕು. ಬೈನರಿ ಆಫ್‌ಸೆಟ್ ಎಂಬ ಇನ್ನೊಂದು ಮೋಡ್‌ನಲ್ಲಿ 64 ನಡುಬಿಂದು, 65 ಮೇಲೆ, 63 ಕೆಳಗೆ. ಅದರಲ್ಲಿ 0 ಬಂದರೆ '64 ಹೆಜ್ಜೆ ಕೆಳಗೆ' ಅಂತ ಅರ್ಥ. ನಾವು ಮೊದಲು ಅದನ್ನೇ ಆರಿಸಿದ್ದೆವು. ಏರಿಸುವ ಬಟನ್ ಒತ್ತಿ ಕಾಲು ತೆಗೆಯುವಷ್ಟರಲ್ಲಿ ತಂಬೂರಿ ಪಾತಾಳಕ್ಕೆ! ಪೆಡಲ್ ಕೆಟ್ಟಿದೆ ಅಂತ ಅವರು ಎರಡು ಸಲ ಬಿಚ್ಚಿ ಒರೆಸಿದರು.

ಒತ್ತಿದಾಗಿನ ಬೆಲೆ ಬದಲಿಸಲು ಬಿಡದ ಕಂಟ್ರೋಲರ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಎಡಿಟರ್ ಬಗ್ಗೆ ಮೊದಲೇ ಕೇಳಿ ಅಂದದ್ದು ಇದಕ್ಕೇ.

ಬಟನ್ ದೀಪ ಹತ್ತಲ್ಲ. ಮ್ಯೂಟ್ ಆಗಿದ್ಯೋ ಇಲ್ವೋ ಗೊತ್ತಾಗಲ್ಲ.

ದೀಪ ಹತ್ತಬೇಕಾದರೆ ಸಾಫ್ಟ್‌ವೇರ್ ತಿರುಗಿ ಉತ್ತರ ಕೊಡಬೇಕು. ಲೈವ್‌ನಲ್ಲಿ ಅದೇ ಕಂಟ್ರೋಲರ್‌ನ ಔಟ್‌ಪುಟ್ ಸಾಲಿನಲ್ಲೂ ರಿಮೋಟ್ ಆನ್ ಮಾಡಿ. ಕಂಟ್ರೋಲರ್ ಕಡೆ ದೀಪದ ಮೋಡ್ ನೋಡಿ. ನ್ಯಾನೋಕಂಟ್ರೋಲ್ 2ರಲ್ಲಿ ಇಂಟರ್ನಲ್, ಎಕ್ಸ್‌ಟರ್ನಲ್ ಅಂತ ಎರಡಿವೆ. ಇಂಟರ್ನಲ್ ಇದ್ದರೆ ತಾನೇ ಹತ್ತಿಸಿ ಆರಿಸುತ್ತದೆ. ಎಕ್ಸ್‌ಟರ್ನಲ್ ಇದ್ದರೆ ಸಾಫ್ಟ್‌ವೇರ್ ಹೇಳಿದಂತೆ ಹತ್ತುತ್ತದೆ. ವೇದಿಕೆಗೆ ಎಕ್ಸ್‌ಟರ್ನಲ್ ಇರಲಿ. ಸುಳ್ಳು ದೀಪಕ್ಕಿಂತ ದೀಪ ಇಲ್ಲದಿರುವುದೇ ಮೇಲು.

## ನಾಬ್ ತಕರಾರು

ನಾಬ್ ಮುಟ್ಟಿದ ಕೂಡ್ಲೇ ಸೌಂಡ್ ಡಬ್ ಅಂತ ಹಾರುತ್ತೆ. ಹೆದರಿಕೆ ಆಗುತ್ತೆ ಸರ್.

ನನಗೂ ಆಗಿದೆ, ಅದೂ ಮದುವೆ ರಿಸೆಪ್ಶನ್‌ನಲ್ಲಿ. ಮೊದಲ ಹಾಡಿನ ಕೊನೆಗೆ ಟ್ರ್ಯಾಕ್ ವಾಲ್ಯೂಮ್ ನಾಬ್ ಪೂರ್ತಿ ಮೇಲಿತ್ತು. ಎರಡನೇ ಹಾಡಿನ ಪ್ರಾಜೆಕ್ಟ್ ತೆರೆದೆ. ಅದರಲ್ಲಿ ಪರದೆ ಮೇಲಿನ ಫೇಡರ್ ಅರ್ಧಕ್ಕಿತ್ತು. ಕೈಯಲ್ಲಿನ ನಾಬ್ ಮಾತ್ರ ಮೇಲೆಯೇ ಇತ್ತಲ್ಲ. 'ಸ್ವಲ್ಪ ಕಮ್ಮಿ ಮಾಡೋಣ' ಅಂತ ಒಂದು ಕೂದಲೆಳೆ ತಿರುಗಿಸಿದೆ. 126 ಹೋಯಿತು. ಮುಂದಿನ ಸಾಲಿನ ಅಜ್ಜಿ ಐಸ್‌ಕ್ರೀಮ್ ಕಪ್ ಮಡಿಲಿಗೆ ಬೀಳಿಸಿಕೊಂಡು ಎರಡೂ ಕಿವಿ ಮುಚ್ಚಿದರು.

ಪರಿಹಾರದ ಹೆಸರು ಟೇಕ್ಓವರ್. ಲೈವ್‌ನ ಮಿಡಿ ಸೆಟ್ಟಿಂಗ್‌ನಲ್ಲಿ ಮೂರು ಆಯ್ಕೆ ಇವೆ. 'ನನ್' (ಯಾವುದೂ ಬೇಡ) ಅಂದರೆ ಹಾರುತ್ತದೆ. ಪಿಕಪ್ ಅಂದರೆ ನಾಬ್ ಪರದೆಯ ಬೆಲೆಯನ್ನು ದಾಟುವವರೆಗೂ ಏನೂ ಆಗುವುದಿಲ್ಲ, ದಾಟಿದ ಮೇಲೆ ಹಿಡಿದುಕೊಳ್ಳುತ್ತದೆ. ವ್ಯಾಲ್ಯೂ ಸ್ಕೇಲಿಂಗ್ ಅಂದರೆ ನಿಧಾನವಾಗಿ ಇಬ್ಬರನ್ನೂ ಒಂದೇ ಜಾಗಕ್ಕೆ ತರುತ್ತದೆ. ಎಫ್ಎಲ್‌ನಲ್ಲಿ ಮಿಡಿ ಸೆಟ್ಟಿಂಗ್‌ನ ಪಿಕಪ್, ರೀಪರ್‌ನಲ್ಲಿ ಲರ್ನ್ ಕಿಟಕಿಯ 'ಸಾಫ್ಟ್ ಟೇಕ್ಓವರ್' ಇದೇ ಕೆಲಸ ಮಾಡುತ್ತವೆ. ವಾಲ್ಯೂಮ್‌ಗೆ ಪಿಕಪ್ ಬಿಟ್ಟು ಬೇರೆ ನಾನು ಬಳಸುವುದಿಲ್ಲ. ಎನ್‌ಕೋಡರ್ ಇದ್ದರೆ ಈ ಗೋಳೇ ಇಲ್ಲ, ಅದಕ್ಕೆ ತನ್ನದೇ ಜಾಗ ಅಂತ ಇರುವುದಿಲ್ಲ.

ಫಿಲ್ಟರ್ ನಿಧಾನಕ್ಕೆ ತಿರುಗಿಸಿದ್ರೆ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತೆ. ಸ್ಮೂತ್ ಮಾಡೋದು ಹೇಗೆ?

ಮೆಟ್ಟಿಲು ನಿಜವಾಗಿಯೂ ಇದೆ. ಕಟಾಫ್ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂದರೆ ಸುಮಾರು ಹತ್ತು ಸ್ಥಾಯಿ, 120 ಅರ್ಧ ಸ್ವರ. ನಾಬ್‌ನಲ್ಲಿರುವುದು 127 ಹೆಜ್ಜೆ. ಅಂದರೆ ಹೆಜ್ಜೆಗೆ ಹೆಚ್ಚುಕಮ್ಮಿ ಒಂದು ಅರ್ಧ ಸ್ವರ. ರೆಸೊನೆನ್ಸ್ (ಕಟಾಫ್ ಜಾಗದಲ್ಲೇ ಶಬ್ದವನ್ನು ಎತ್ತುವುದು) ಜಾಸ್ತಿ ಇದ್ದರೆ ಕಿವಿಗೆ ಬೀಳದೇ ಇರುತ್ತದೆಯೇ?

ಮೊದಲ ಮದ್ದು, ವ್ಯಾಪ್ತಿ ಕಿರಿದು ಮಾಡುವುದು. ಲೈವ್‌ನ ಮ್ಯಾಪಿಂಗ್ ಪಟ್ಟಿಯಲ್ಲಿ ಮಿನ್, ಮ್ಯಾಕ್ಸ್ ಇವೆ. ನೀವು 300ರಿಂದ 3,000 ಹರ್ಟ್ಸ್ ಒಳಗೇ ಓಡಾಡುವವರಾದರೆ ಅಷ್ಟೇ ಕೊಡಿ. ಅದೇ 127 ಹೆಜ್ಜೆ ಮೂರೂ ಚಿಲ್ಲರೆ ಸ್ಥಾಯಿಗೆ ಹಂಚಿಹೋಗುತ್ತದೆ. ಟೆಂಪೋಗೆ 60ರಿಂದ 187 ಕೊಟ್ಟರೆ ಹೆಜ್ಜೆಗೆ ಸರಿಯಾಗಿ ಒಂದು ಬಿಪಿಎಂ, ಅಂದರೆ ನಿಮಿಷಕ್ಕೆ ಒಂದು ಬೀಟ್. ಎರಡನೆಯದು, ಪ್ಲಗಿನ್‌ನಲ್ಲಿ ಸ್ಮೂದಿಂಗ್ ಇದ್ದರೆ ಹಾಕಿ. ಮೂರನೆಯದು 14 ಬಿಟ್ ಸಿಸಿ: 0ಯಿಂದ 31ರ ನಂಬರಿನ ಜೊತೆ 32ರಿಂದ 63ರ ಜೋಡಿ ನಂಬರ್ ಸೇರಿಸಿ 16,384 ಹೆಜ್ಜೆ ಮಾಡುವುದು. ಕಂಟ್ರೋಲರ್, ಸಾಫ್ಟ್‌ವೇರ್ ಎರಡೂ ಒಪ್ಪಬೇಕು. ಅಗ್ಗದ ಪೀಸ್‌ಗಳಲ್ಲಿ ಇದನ್ನು ಹುಡುಕಬೇಡಿ.

ಒಂದು ನಾಬ್‌ನಲ್ಲಿ ಮೂರ್ನಾಲ್ಕು ಕೆಲಸ ಆಗ್ಬೇಕು.

ಮ್ಯಾಕ್ರೋ ಬಳಸಿ, ಅಂದರೆ ಹಲವು ನಾಬ್‌ಗಳನ್ನು ಒಟ್ಟಿಗೆ ತಿರುಗಿಸುವ ಒಂದು ನಾಬ್. ಲೈವ್‌ನ ರ‍್ಯಾಕ್‌ನಲ್ಲಿ (ವಾದ್ಯ, ಎಫೆಕ್ಟ್‌ಗಳನ್ನು ಒಟ್ಟಿಗೆ ಕಟ್ಟಿಡುವ ಡಬ್ಬಿ) ಮೊದಲು 8 ಮ್ಯಾಕ್ರೋ ಇದ್ದವು, 11ನೇ ಆವೃತ್ತಿಯಿಂದ 16. ಕಂಟ್ರೋಲರ್ ನಾಬ್ ಮ್ಯಾಕ್ರೋಗೆ, ಮ್ಯಾಕ್ರೋ ಬೇಕಾದಷ್ಟು ಪ್ಯಾರಾಮೀಟರ್‌ಗಳಿಗೆ. ಪ್ರತಿಯೊಂದಕ್ಕೂ ಬೇರೆ ಮಿನ್, ಮ್ಯಾಕ್ಸ್. ಎರಡನ್ನೂ ಅದಲು ಬದಲು ಮಾಡಿದರೆ ಉಲ್ಟಾ ಓಡುತ್ತದೆ. ಕೊಳಲಿಗೆ ನಾನು ಮಾಡಿಕೊಂಡ 'ದೂರ' ಎಂಬ ಮ್ಯಾಕ್ರೋ ಹೀಗಿದೆ: ತಿರುಗಿಸಿದಷ್ಟೂ ರಿವರ್ಬ್ ಏರುತ್ತದೆ, ಮೇಲಿನ ಫ್ರೀಕ್ವೆನ್ಸಿ ಇಳಿಯುತ್ತದೆ, ವಾಲ್ಯೂಮ್ ಒಂದಿಷ್ಟು ಕುಗ್ಗುತ್ತದೆ. ಗುಡ್ಡದ ಆಚೆ ಬದಿಗೆ ಹೋಗಿ ನುಡಿಸಿದ ಹಾಗೆ.

ನಾಬ್ ತಿರುಗಿಸಿ ಗಮಕ ತರೋಕಾಗುತ್ತಾ?

ಸಿಸಿ ನಾಬ್‌ನಿಂದ ಬೇಡ. ಎರಡು ಸ್ಥಾಯಿಯ ವ್ಯಾಪ್ತಿಯನ್ನು 127 ಹೆಜ್ಜೆಗೆ ಹಂಚಿದರೆ ಹೆಜ್ಜೆಗೆ ಸುಮಾರು 19 ಸೆಂಟ್ಸ್, ಅಂದರೆ ಅರ್ಧ ಸ್ವರದ ಐದನೇ ಒಂದು ಭಾಗ. ಜಾರು ಹೋಗಿ ಕುಂಟು ಆಗುತ್ತದೆ. ಪಿಚ್ ಬೆಂಡ್ ಬಳಸಿ. ಅದು ಸಿಸಿ ಅಲ್ಲ, ಬೇರೆಯೇ ಸಂದೇಶ, 16,384 ಹೆಜ್ಜೆ ಇರುವಂಥದ್ದು. ಸಿಂಥ್‌ಗಳು ಸಾಮಾನ್ಯವಾಗಿ ಎರಡು ಅರ್ಧ ಸ್ವರ ಮೇಲೆ, ಎರಡು ಕೆಳಗೆ ಮಾತ್ರ ಬಿಡುತ್ತವೆ. ಷಡ್ಜದಿಂದ ಪಂಚಮಕ್ಕೆ ಜಾರಬೇಕಾದರೆ ಏಳು ಬೇಕು, ಆದ್ದರಿಂದ ಪ್ಲಗಿನ್‌ನಲ್ಲಿ ಬೆಂಡ್ ರೇಂಜ್ 12 ಮಾಡಿಕೊಳ್ಳಿ. ಕೈ ಪಳಗಲು ತಿಂಗಳು ಬೇಕು. ಬೆಂಡ್ ಚಕ್ರ ಬಿಟ್ಟರೆ ನಡುವಿಗೆ ಚಿಮ್ಮುತ್ತದೆ, ಅದನ್ನು ಹಿಡಿದು ನಿಧಾನವಾಗಿ ಬಿಡುವುದೇ ಅರ್ಧ ವಿದ್ಯೆ.

## ಉಳಿಸಿಕೊಳ್ಳುವುದು

ನಾಬ್ ತಿರುಗಿಸಿದ್ದು ರೆಕಾರ್ಡ್ ಆಯ್ತು. ಈಗ ಮತ್ತೆ ತಿರುಗಿಸಿದ್ರೆ ಎರಡೂ ಜಗಳ ಆಡ್ತಿವೆ.

ರೆಕಾರ್ಡ್ ಆದ ಆ ತಿರುವಿನ ಹೆಸರು ಆಟೋಮೇಶನ್. ಅದರ ಮೋಡ್ ನೋಡಿ. ಟಚ್‌ನಲ್ಲಿ ಕೈ ಇರುವಷ್ಟು ಹೊತ್ತು ಹೊಸದು ಬರೆಯುತ್ತದೆ, ಬಿಟ್ಟರೆ ಹಳೆಯದಕ್ಕೆ ಮರಳುತ್ತದೆ. ಲ್ಯಾಚ್‌ನಲ್ಲಿ ಕೈ ಬಿಟ್ಟರೂ ಕೊನೆಯ ಬೆಲೆಯೇ ಮುಂದುವರಿಯುತ್ತದೆ. ರೈಟ್ ಮೋಡ್ ಮುಟ್ಟದಿದ್ದರೂ ಹಳೆಯದನ್ನು ಅಳಿಸಿಕೊಂಡು ಹೋಗುತ್ತದೆ, ಹುಷಾರು. ಲೈವ್‌ನಲ್ಲಿ ಸುಮ್ನೆ ಪ್ಲೇ ಮಾಡುವಾಗ ನಾಬ್ ಮುಟ್ಟಿದರೆ ಆ ಆಟೋಮೇಶನ್ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಮೇಲಿನ ಪಟ್ಟಿಯಲ್ಲಿ 'ರಿ ಎನೇಬಲ್ ಆಟೋಮೇಶನ್' ಬೆಳಗುತ್ತದೆ. ಅದನ್ನು ಒತ್ತಿದರೆ ಹಳೆಯ ಗೆರೆ ವಾಪಸ್.

ಹೊಸ ಪ್ರಾಜೆಕ್ಟ್ ತೆರೆದ್ರೆ ಮ್ಯಾಪಿಂಗ್ ಎಲ್ಲಾ ಮಾಯ!

ಮಾಯವಾಗಿಲ್ಲ, ಹಳೆಯ ಪ್ರಾಜೆಕ್ಟ್ ಒಳಗೇ ಇದೆ. ಲೈವ್ ಸಾಫ್ಟ್‌ವೇರ್ ಮ್ಯಾಪಿಂಗ್ ಅನ್ನು ಸೆಟ್ (ಅದರ ಪ್ರಾಜೆಕ್ಟ್ ಫೈಲ್) ಜೊತೆಗೇ ಉಳಿಸುತ್ತದೆ. ಖಾಲಿ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಮ್ಯಾಪ್ ಮಾಡಿ ಟೆಂಪ್ಲೇಟ್ ಆಗಿ ಇಟ್ಟುಕೊಳ್ಳಿ. ಎಫ್ಎಲ್‌ನಲ್ಲಿ 'ಓವರ್‌ರೈಡ್ ಜೆನೆರಿಕ್ ಲಿಂಕ್ಸ್' ಆರಿಸಿದರೆ ಎಲ್ಲ ಪ್ರಾಜೆಕ್ಟ್‌ಗೂ ಅನ್ವಯ. ರೀಪರ್‌ನಲ್ಲಿ ಪ್ಲಗಿನ್ ಲರ್ನ್ ಪ್ರಾಜೆಕ್ಟ್ ಒಳಗೆ, ಆಕ್ಷನ್ ಲಿಸ್ಟ್‌ನ ಶಾರ್ಟ್‌ಕಟ್ ಎಲ್ಲ ಕಡೆ.

ಮಿಡಿ 2.0 ಬಂದಿದೆಯಂತೆ. ಕಾಯಲಾ, ಈಗ್ಲೇ ತಗೊಳ್ಳಲಾ?

ತಗೊಳ್ಳಿ. 2020ರ ಜನವರಿಯಲ್ಲೇ ಅದನ್ನು ಅಧಿಕೃತವಾಗಿ ಅಂಗೀಕರಿಸಿದರು. ಸಿಸಿ ಬೆಲೆಗೆ 7 ಬಿಟ್ ಬದಲು 32 ಬಿಟ್, ಮೇಲೆ ಹೇಳಿದ ಮೆಟ್ಟಿಲು ಅಲ್ಲಿ ಮಾಯ. ಆದರೆ ಕಂಟ್ರೋಲರ್, ಕಂಪ್ಯೂಟರ್, ಸಾಫ್ಟ್‌ವೇರ್, ಪ್ಲಗಿನ್ ನಾಲ್ಕೂ ಒಪ್ಪಿದರೆ ಮಾತ್ರ ಅದರ ಲಾಭ. ಹೊಸ ಸಾಧನಗಳು ಹಳೆಯ ಭಾಷೆಯನ್ನೂ ಆಡುತ್ತವೆ, ಹಾಗಾಗಿ ಈಗ ಕೊಂಡದ್ದು ಮೂಲೆಗೆ ಬೀಳುವುದಿಲ್ಲ. ನನ್ನ ಮೇಜಿನ ಮೇಲಿರುವುದು ಫೇಡರ್ ಟೊಪ್ಪಿಗೆ ಒಂದು ಕಳೆದುಹೋದ ಹಳೆಯ ಪೀಸ್. ಆ ಜಾಗಕ್ಕೆ ಪೆನ್ನಿನ ಮುಚ್ಚಳ ಸಿಕ್ಕಿಸಿದ್ದೇನೆ, ಚೆನ್ನಾಗಿಯೇ ಕೂತಿದೆ.